ಹಾಳೂರು ಕಟ್ಟುವ ಕೆಲಸ

ನಾವು ನಾಲ್ವರು ಗೆಳೆಯರು ತಿಂಗಳಿಗೆ ಎರಡು ಭಾನುವಾರ ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಸೇರಿ ಗೊಂಬೆಗಳ ಯುದ್ಧದಾಟ ಆಡುತ್ತೇವೆ. ಗೊಂಬೆಯ ಎತ್ತರ ಅಂಗಾಲಿನಿಂದ ಕಣ್ಣಿನವರೆಗೆ 28 ಮಿ.ಮೀ. ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ನಡೆಸಬೇಕು, ದಾಳ ಉರುಳಿಸಿ ಗುಂಡು ಹೊಡೆಯಬೇಕು. ಒಂದು ಗೊಂಬೆಯ ಕಣ್ಣಿಗೆ ಇನ್ನೊಂದು ಕಂಡರೆ ಮಾತ್ರ ಹೊಡೆತ. ನಡುವೆ ಗೋಡೆಯೋ ತಗಡೋ ಇದ್ದರೆ ಬಚಾವಾಗುವ ಸಾಧ್ಯತೆ ಹೆಚ್ಚು. ಹಾಗಾಗಿ ಮೇಜಿನ ಮೇಲೆ ಏನು ನಿಂತಿದೆ ಅನ್ನುವುದೇ ಅರ್ಧ ಆಟ. ನಮ್ಮ ಕಥೆಯಲ್ಲಿ ಜನ ಊರು ಬಿಟ್ಟು ಹತ್ತು ಮಳೆಗಾಲ ಕಳೆದಿವೆ. ಉಳಿದ ಕೆಲವರು ನೀರಿಗೆ, ಡೀಸೆಲ್ಲಿಗೆ, ಗುಳಿಗೆಗೆ ಬಡಿದಾಡುತ್ತಾರೆ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಅದೇ ಆಟ. ಆ ಹಾಳೂರನ್ನು ಕಟ್ಟಿ ಬಣ್ಣ ಹಚ್ಚುವ ಕೆಲಸ ನನ್ನದು.

ಮೊದಲ ವರ್ಷ ಕಟ್ಟಿದ್ದೆಲ್ಲ ಬೂದು ಕಾಂಕ್ರೀಟು. ಹೊರದೇಶದ ಮೇಜುಗಳ ಚಿತ್ರ ನೋಡಿ ಅದನ್ನೇ ಮಾಡಿದೆ: ಮರಳುಗಾಡು, ಮುರಿದ ಹೆದ್ದಾರಿ, ಒಂದು ಹುಲ್ಲುಕಡ್ಡಿಯೂ ಇಲ್ಲದ ನೆಲ. ಟಿವಿ ಪೆಟ್ಟಿಗೆಯ ಥರ್ಮಾಕೋಲ್ ಕೊರೆದು ಮೂರು ಅಂತಸ್ತಿನ ಕಟ್ಟಡ ನಿಲ್ಲಿಸಿದ್ದೆ. ಹದಿನೈದು ದಿನದ ಕೆಲಸ. ಕೊನೆಗೆ ಅಂಗಡಿಯಿಂದ ಕಪ್ಪು ಸ್ಪ್ರೇ ಡಬ್ಬಿ ತಂದು ಹೊಡೆದೆ. ಎರಡು ನಿಮಿಷದಲ್ಲಿ ಗೋಡೆಗಳು ಬಿಸಿ ಹಾಲಿಗೆ ಬಿದ್ದ ಸಕ್ಕರೆಯ ಹಾಗೆ ಕುಸಿದವು. ಸ್ಪ್ರೇ ಬಣ್ಣದಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ.

ನಮ್ಮ ಓಣಿಯಲ್ಲಿ ಗಣಪತಿ ಮಂಟಪದ ಅಲಂಕಾರ ಮಾಡುವ ಕಾಕಾ ಒಬ್ಬರಿದ್ದಾರೆ. ಕರಗಿದ ಕಟ್ಟಡವನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು. "ತಮ್ಮಾ, ಥರ್ಮಾಕೋಲಿಗೆ ಮೊದಲ ಮೈ ಮುಚ್ಚಬೇಕಪಾ. ಮೈ ಮುಚ್ಚಿದ ಮ್ಯಾಲೆ ಏನರ ಬಡಿ. ಸ್ಪ್ರೇ ಮಾತ್ರ ಬ್ಯಾಡ, ಸಣ್ಣ ತೂತಿದ್ರೂ ಒಳಗ ಹೊಕ್ಕೊಂತೈತಿ" ಅಂದರು. ಅವರ ಲೆಕ್ಕವನ್ನೇ ಇವತ್ತಿಗೂ ಪಾಲಿಸುತ್ತೇನೆ. ಮೂರು ಪಾಲು ವಾಲ್ ಪುಟ್ಟಿ, ಒಂದು ಪಾಲು ಫೆವಿಕಾಲ್, ದೋಸೆ ಹಿಟ್ಟಿನ ಹದಕ್ಕೆ ನೀರು, ಎರಡು ಸಲ ಬಳಿಯುವುದು. ಗಟ್ಟಿಯಾಗಬೇಕಾದ ಕಡೆ ಪೇಪರಿನ ಪಟ್ಟಿಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಅಂಟಿಸುವುದು. ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕದಿದ್ದರೆ ಹುಳ ತಿನ್ನುತ್ತದೆ. ಮೈಲುತುತ್ತ ವಿಷ, ಅದಕ್ಕೆ ಬೇರೆ ಪಾತ್ರೆ ಇಟ್ಟುಕೊಳ್ಳಬೇಕು, ಮಕ್ಕಳ ಕೈಗೆ ಸಿಗಬಾರದು. ಬಿಸಿ ತಂತಿಯಿಂದ ಥರ್ಮಾಕೋಲ್ ಕೊರೆಯುವವರು ಮಾಳಿಗೆಯ ಮೇಲೆ, ಬಯಲಿನಲ್ಲಿ ಕೊರೆಯಿರಿ. ಆ ಹೊಗೆ ಒಳ್ಳೆಯದಲ್ಲ.

ಈಗ ಗೋಡೆಗಳಿಗೆ ನಾನು ಥರ್ಮಾಕೋಲ್ ಬಳಸುವುದು ಕಡಿಮೆ, ಸನ್‌ಬೋರ್ಡ್ ಹೆಚ್ಚು. ಫಲಕಗಳಿಗೆ ಬಳಸುವ ಈ ಹಗುರ ಪ್ಲಾಸ್ಟಿಕ್ ಹಲಗೆಯನ್ನು ಫ್ಲೆಕ್ಸ್ ಪ್ರಿಂಟ್ ಅಂಗಡಿಗಳಲ್ಲಿ ಕತ್ತರಿಸಿ ಉಳಿದ 3 ಮತ್ತು 5 ಮಿ.ಮೀ. ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಕೇಳಿದರೆ ಕೊಡುತ್ತಾರೆ. ನೀರಿಗೆ ಸೊಟ್ಟಗಾಗುವುದಿಲ್ಲ, ಕಟ್ಟರಿನಿಂದ ಸಲೀಸಾಗಿ ಕೊಯ್ಯಬಹುದು, ಮುಗಿದ ರೀಫಿಲ್ ಇರುವ ಪೆನ್ನಿನಿಂದ ಒತ್ತಿ ಗೀರಿದರೆ ಇಟ್ಟಿಗೆಯ ಸಾಲು ಮೂಡುತ್ತದೆ. ರಟ್ಟು ಬಳಸುವುದಾದರೆ ಎರಡೂ ಬದಿಗೆ ಬಣ್ಣ ಹಚ್ಚಲೇಬೇಕು. ಒಂದೇ ಬದಿಗೆ ಹಚ್ಚಿದರೆ ಹಪ್ಪಳದ ಹಾಗೆ ಮಡಚಿಕೊಳ್ಳುತ್ತದೆ.

ನನ್ನ ಕೆಲಸದ ದಿಕ್ಕು ಬದಲಾದದ್ದು 2019ರ ಆಗಸ್ಟ್‌ನಲ್ಲಿ. ಆ ಮಳೆಗೆ ಧಾರವಾಡ ಜಿಲ್ಲೆಯಲ್ಲಿ ಸಾಕಷ್ಟು ಮಣ್ಣಿನ ಮನೆಗಳು ಬಿದ್ದವು. ನವಲಗುಂದ ತಾಲ್ಲೂಕಿನಲ್ಲಿ ನಮ್ಮ ಅಜ್ಜಿಯ ಮನೆಯ ಹಿಂಬದಿಯ ಗೋಡೆಯೂ ಹೋಯಿತು. ಪುಣ್ಯಕ್ಕೆ ಎಲ್ಲರೂ ಪಡಸಾಲೆಯಲ್ಲಿದ್ದರು. ನಾಲ್ಕು ದಿನ ಬಿಟ್ಟು ಹೋಗಿ ನೋಡಿದೆ. ಮಣ್ಣಿನ ಗೋಡೆ ಕಾಂಕ್ರೀಟಿನ ಹಾಗೆ ಚೂಪಾಗಿ ಮುರಿಯುವುದಿಲ್ಲ. ಕರಗಿ, ಜಾರಿ, ಬುಡದಲ್ಲಿ ದಿಬ್ಬವಾಗಿ ಕೂರುತ್ತದೆ. ಮೇಲೆ ಜಂತಿಗಳು ಹಾಗೇ ಜೋತಾಡುತ್ತಿದ್ದವು. ಒಳಗೋಡೆಯ ನೀಲಿ ಸುಣ್ಣ, ದೀಪ ಇಡುವ ಗೂಡಿನ ಮಸಿ, ಕ್ಯಾಲೆಂಡರಿನ ಮೊಳೆ ಎಲ್ಲ ಬೀದಿಗೆ ಕಾಣುತ್ತಿದ್ದವು. ಅಜ್ಜಿ ಆ ಗೂಡನ್ನೇ ನೋಡುತ್ತ ಕೂತಿದ್ದಳು. ಮೇಜಿನ ಮೇಲೆ ನಾನು ಮಾಡಿಟ್ಟ ಹಾಳು ಮನೆಗಳಲ್ಲಿ ಯಾರೂ ಎಂದೂ ದೀಪ ಹಚ್ಚಿದ ಗುರುತು ಇರಲಿಲ್ಲ. ಅಂದಿನಿಂದ ಒಂದು ಕಟ್ಟಡ ಶುರು ಮಾಡುವ ಮೊದಲು ಮೂರು ಪ್ರಶ್ನೆ ಬರೆದುಕೊಳ್ಳುತ್ತೇನೆ. ಇಲ್ಲಿ ಯಾರಿದ್ದರು? ಯಾವುದರಿಂದ ಬಿತ್ತು? ಬಿದ್ದ ಮೇಲೆ ಎಷ್ಟು ಮಳೆ ಕಂಡಿದೆ?

ಹೀಗೆ ಕೇಳಿಕೊಂಡರೆ ಹುಬ್ಬಳ್ಳಿ ಬೂದಾಗಿ ಉಳಿಯುವುದೇ ಇಲ್ಲ. ಜೂನಿನಿಂದ ಅಕ್ಟೋಬರಿನ ತನಕ ಮಳೆ ಬರುವ ಊರು ಇದು. ಒಂದು ಸೈಟು ಎರಡು ವರ್ಷ ಖಾಲಿ ಬಿದ್ದರೆ ಕಾಂಗ್ರೆಸ್ ಕಸ ಎದೆಮಟ್ಟ ಬೆಳೆಯುತ್ತದೆ. ಆಮೇಲೆ ಬಳ್ಳಾರಿ ಜಾಲಿ. ಗೋಡೆಯ ಸಂದಿಯಲ್ಲಿ ಹಕ್ಕಿ ಹಿಕ್ಕೆಯಿಂದ ಅರಳಿ ಸಸಿ. ಹತ್ತು ಮಳೆಗಾಲದಲ್ಲಿ ಆ ಅರಳಿಯ ಬೇರೇ ಗೋಡೆಯನ್ನು ಎರಡು ಹೋಳು ಮಾಡಿರುತ್ತದೆ.

ಮೊದಲು ಕೈಗೆತ್ತಿಕೊಂಡದ್ದು ಚಿಗರಿ ಬಸ್ಸಿನ ನಿಲ್ದಾಣ. ಚಿಗರಿ ಅಂದರೆ ತನಗೇ ಮೀಸಲಾದ ಬಿಆರ್‌ಟಿಎಸ್ ಪಥದಲ್ಲಿ ಓಡುವ ನಮ್ಮೂರಿನ ಬಸ್ಸು. ಹುಬ್ಬಳ್ಳಿ–ಧಾರವಾಡದ ನಡುವಿನ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಅದನ್ನು ವಿವರಿಸಬೇಕಿಲ್ಲ. ರಸ್ತೆಯ ನಟ್ಟನಡುವೆ ಉದ್ದನೆಯ ಎತ್ತರದ ಕಟ್ಟೆ, ಎರಡೂ ಬದಿಗೆ ಗಾಜಿನ ಬಾಗಿಲು, ತುದಿಯಲ್ಲಿ ಇಳಿಜಾರು. ಆಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಒಳಗೆ ಹೊಕ್ಕವನಿಗೆ ಮರೆ ಇದೆ, ಆದರೆ ಹೊರಬರಲು ದಾರಿ ಕಡಿಮೆ. ನಮ್ಮ ಗೊಂಬೆಗಳ ಅಳತೆಯನ್ನು ನಾನು 1ಕ್ಕೆ 56, ಅಂದರೆ ಅಸಲಿಯ 56ನೇ ಒಂದು ಪಾಲು ಎಂದು ಹಿಡಿಯುತ್ತೇನೆ. 5 ಮಿ.ಮೀ. ಸನ್‌ಬೋರ್ಡಿನ ಮೂರು ಪದರ ಅಂಟಿಸಿದರೆ ಕಟ್ಟೆ 15 ಮಿ.ಮೀ. ಎತ್ತರವಾಯಿತು. ಉದ್ದ 45 ಸೆಂ.ಮೀ., ಅಗಲ 7. ಗೊಂಬೆಯ ಕಾಲಡಿಯ ಬಿಲ್ಲೆ 25 ಮಿ.ಮೀ. ಇರುವುದರಿಂದ ಯಾವ ದಾರಿಯೂ 30ಕ್ಕಿಂತ ಕಿರಿದಾಗಬಾರದು. ಇದನ್ನು ಮರೆತು ಮೊದಲು ಟಿಕೆಟ್ ಗೇಟನ್ನು ಅಸಲಿ ಅಳತೆಗೇ ಮಾಡಿ, ಗೊಂಬೆ ಸಿಕ್ಕಿಬಿದ್ದು, ಕಿತ್ತು ಮತ್ತೆ ಮಾಡಿದೆ. ಚಾವಣಿಯನ್ನು ಸಣ್ಣ ಅಯಸ್ಕಾಂತ ಹಾಕಿ ಎತ್ತುವ ಹಾಗೆ ಇಟ್ಟಿದ್ದೇನೆ. ಒಳಗೆ ಕೈ ಹೋಗದ ಕಟ್ಟಡ ನೋಡಲು ಎಷ್ಟು ಚೆಂದ ಇದ್ದರೂ ಆಟಕ್ಕೆ ಬರುವುದಿಲ್ಲ. ತಳಕ್ಕೆ 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ. 12 ಮೀಟರಿನ ಬಸ್ಸು ಈ ಲೆಕ್ಕದಲ್ಲಿ 21 ಸೆಂ.ಮೀ. ಆಗುತ್ತದೆ. ಅದನ್ನು ಕಟ್ಟೆಗೆ ಅರ್ಧ ಗುದ್ದಿದ ಹಾಗೆ ನಿಲ್ಲಿಸಿದೆ.

ಗಾಜಿಗೆ ಶರ್ಟಿನ ಪೆಟ್ಟಿಗೆಯ ಪ್ಲಾಸ್ಟಿಕ್, ಮೇಲೆ ಸಣ್ಣ ಉಸುಕು ಕಾಗದದ ಒಂದೆರಡು ಗೀರು. ಕೊಳವೆಗಳಿಗೆ ಊದಿನಕಡ್ಡಿಯ ಕಡ್ಡಿ. ಜಾಳಿಗೆಗೆ ಸೊಳ್ಳೆ ಪರದೆ. ಪತ್ರಾಸಿಗೆ, ಅಂದರೆ ಚಾವಣಿಯ ತಗಡಿಗೆ, ರಟ್ಟಿನ ಡಬ್ಬಿಯ ಮೇಲಿನ ಕಾಗದವನ್ನು ಒದ್ದೆ ಮಾಡಿ ಸುಲಿದರೆ ಒಳಗಿನ ಏರಿಳಿತ ಸಿಗುತ್ತದೆ. ಹಿಂದಿನ ಸಾಲಿನ ಮನೆಗಳ ಮಾಳಿಗೆಯ ಮೇಲೆ ಕಪ್ಪು ನೀರಿನ ಟ್ಯಾಂಕು ಇಡಲೇಬೇಕು, ಅದಕ್ಕೆ ಬಾಟಲಿ ಮುಚ್ಚಳ ಸಾಕು. ಆ ಟ್ಯಾಂಕು ಇಟ್ಟ ಕೂಡಲೇ ಒಬ್ಬ ಗೆಳೆಯ "ಇದು ನಮ್ಮೂರಲೇ" ಅಂದ.

ನಾಮಫಲಕಕ್ಕೆ ನಾನು ಹೆಚ್ಚು ಹೊತ್ತು ಕೊಟ್ಟೆ. ಒಂದೊಂದೇ ಅಕ್ಷರ ಕತ್ತರಿಸಿ ಅಂಟಿಸುವ ಫಲಕಗಳನ್ನು ಗಮನಿಸಿ ನೋಡಿ. ಮೊದಲು ಬೀಳುವುದು ಒತ್ತಕ್ಷರ. ಅದು ಮೇಲಿನ ಅಕ್ಷರಕ್ಕೆ ಅಂಟಿರುವುದಿಲ್ಲ, ಬಿಡಿ ತುಂಡು, ಚಿಕ್ಕದು, ಅಂಟು ಕಡಿಮೆ. ಹಾಗಾಗಿ ನನ್ನ ನಿಲ್ದಾಣದ ಮೇಲೆ 'ಹುಬಳಿ' ಎಂದಿದೆ. ಬಿದ್ದ ಎರಡು ಒತ್ತುಗಳ ಜಾಗದಲ್ಲಿ ಬಿಸಿಲು ತಾಗದ ಮೂಲ ಬಣ್ಣ ಗಾಢವಾಗಿ ಉಳಿದಿದೆ. ಒಂದು 'ಳ' ಒತ್ತು ಕೆಳಗೆ ಕಸದಲ್ಲಿ ಬಿದ್ದಿದೆ, ಹುಡುಕಿದವರಿಗೆ ಸಿಗುತ್ತದೆ.

ಬಣ್ಣಕ್ಕೆ ಗೋಡೆಗೆ ಹಚ್ಚುವ ಎಮಲ್ಷನ್ ಮತ್ತು ಅದಕ್ಕೆ ಬಣ್ಣ ಬೆರೆಸುವ ಸ್ಟೇನರ್ ಟ್ಯೂಬುಗಳೇ ಸಾಕು. ಮೊದಲ ಕೈ ಕಪ್ಪು ಎಮಲ್ಷನ್‌ಗೆ ಫೆವಿಕಾಲ್ ಬೆರೆಸಿ. ಆಮೇಲೆ ಮೂಲ ಬಣ್ಣ. ನಂತರ ಕಪ್ಪು-ಕಂದು ಬಣ್ಣವನ್ನು ಚಹಾದಷ್ಟು ತೆಳ್ಳಗೆ ಮಾಡಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ಸುರಿಯುವುದು; ಸೋಪು ಇದ್ದರೆ ನೀರು ಹನಿಗಟ್ಟದೆ ಸಂದಿಗಳಿಗೆ ಹರಿಯುತ್ತದೆ. ಒಣಗಿದ ಮೇಲೆ ಒಣ ಕುಂಚ: ತಿಳಿ ಬಣ್ಣದಲ್ಲಿ ಅದ್ದಿ, ಹಳೆ ಬಟ್ಟೆಗೆ ಒರೆಸಿ ಒರೆಸಿ ಬಣ್ಣ ಮುಗಿಯಿತು ಅನ್ನಿಸಿದಾಗ ಅಂಚುಗಳ ಮೇಲೆ ಮೆಲ್ಲಗೆ ಎಳೆಯುವುದು.

ತುಕ್ಕಿನ ವಿಷಯಕ್ಕೆ ಬಂದರೆ, ಬಣ್ಣದ ತುಕ್ಕಿಗಿಂತ ನಿಜವಾದ ತುಕ್ಕೇ ನನಗೆ ಇಷ್ಟ. ಗೋಕುಲ ರಸ್ತೆಯ ಕಡೆ ವೆಲ್ಡಿಂಗ್ ಅಂಗಡಿಯಲ್ಲಿ ಗ್ರೈಂಡರ್ ಕೆಳಗೆ ಬಿದ್ದ ಕಬ್ಬಿಣದ ಪುಡಿಯನ್ನು ಒಂದು ಡಬ್ಬಿ ತುಂಬಿಸಿಕೊಂಡು ಬಂದೆ. ಬಸ್ಸಿನ ಮೈಗೆ ಬೇಕಾದಲ್ಲಿ ಫೆವಿಕಾಲ್ ಸವರಿ, ಹಸಿ ಇರುವಾಗಲೇ ಪುಡಿ ಉದುರಿಸಿದೆ. ಅಂಟಿನೊಳಗೆ ಕಲಸಿದರೆ ಪುಡಿಗೆ ಗಾಳಿ ಸಿಗದು, ತುಕ್ಕು ಹಿಡಿಯದು, ಮೇಲೆ ಉದುರಿಸಬೇಕು. ಅಂಟು ಒಣಗಿದ ಮೇಲೆ ಉಪ್ಪುನೀರು ಚಿಮುಕಿಸಿ ಮೂರು ದಿನ ಬಿಟ್ಟೆ. ದಿನಾ ಬೆಳಿಗ್ಗೆ ಎದ್ದು ನೋಡುತ್ತಿದ್ದೆ. ಮೊದಲ ದಿನ ಹಳದಿ, ಎರಡನೇ ದಿನ ಕಿತ್ತಳೆ, ಮೂರನೇ ದಿನ ಗುಜರಿ ಅಂಗಡಿಯ ಮುಂದೆ ನಿಂತ ಹಳೆ ಲಾರಿಯ ಬಣ್ಣವೇ ಬಂತು. ಸಾಕು ಅನ್ನಿಸಿದಾಗ ಮೇಲೆ ಹೊಳಪಿಲ್ಲದ ವಾರ್ನಿಷ್.

ಕಲೆ ಎಲ್ಲಿ ಬೀಳಬೇಕು ಅನ್ನುವುದಕ್ಕೂ ಕಾರಣ ಬೇಕು. ನಮ್ಮಲ್ಲಿ ಮುಂಗಾರು ಬರುವುದು ನೈಋತ್ಯದಿಂದ. ಹಾಗಾಗಿ ಪಾಚಿಯ ಕಪ್ಪು ಪಡುವಣ ಗೋಡೆಗೆ ಹೆಚ್ಚು, ಪೂರ್ವದ ಗೋಡೆ ಬಿಸಿಲಿಗೆ ಮಾಸಿದ್ದು. ಕಿಟಕಿಯ ಮೂಲೆಯಿಂದ, ಮೊಳೆಯಿಂದ ತುಕ್ಕಿನ ನೀರು ನೇರ ಕೆಳಗೆ ಇಳಿಯಬೇಕು. ಗೋಡೆಯ ಬುಡದಲ್ಲಿ ಎರಡಡಿ, ಅಂದರೆ ನಮ್ಮ ಅಳತೆಯಲ್ಲಿ 11 ಮಿ.ಮೀ., ಮಣ್ಣು ಸಿಡಿದ ಪಟ್ಟೆ. ಆ ಪಟ್ಟೆಯ ಬಣ್ಣ ಧಾರವಾಡದಿಂದ ಪಡುವಣಕ್ಕೆ ಕೆಂಪು, ಹುಬ್ಬಳ್ಳಿ ದಾಟಿ ಮೂಡಣಕ್ಕೆ ಕಪ್ಪು. ನಾನು ಪ್ರತಿ ಕಟ್ಟಡದ ತಳದಲ್ಲಿ 'ಪ' ಎಂದು ಬರೆದು ಬಾಣ ಹಾಕಿರುತ್ತೇನೆ. ಮೇಜು ಜೋಡಿಸುವಾಗ ಎಲ್ಲ ಬಾಣಗಳೂ ಒಂದೇ ಕಡೆ ತಿರುಗಬೇಕು. ಗೆಳೆಯರಿಗೆ ಇದು ಅತಿ ಅನ್ನಿಸುತ್ತದೆ. ಆದರೂ ತಿರುಗಿಸಿದ ಮೇಲೆ ಹತ್ತು ಬೇರೆ ಬೇರೆ ತುಂಡುಗಳು ಒಂದೇ ಊರಾಗುವುದನ್ನು ಅವರೂ ನೋಡಿದ್ದಾರೆ.

ಗಿಡಗಳಲ್ಲಿ ಎರಡು ತಪ್ಪು ಮಾಡಿದೆ. ಕಾಂಗ್ರೆಸ್ ಕಸದ ಒಣ ಹೂ ಸಣ್ಣ ಪೊದೆಯ ಹಾಗೆ ಕಾಣುತ್ತದೆಂದು ಬರಿಗೈಯಲ್ಲಿ ಕಿತ್ತು ತಂದೆ. ವಾರಪೂರ್ತಿ ಮೊಣಕೈ ತನಕ ತುರಿಕೆ. ಅದನ್ನು ಮುಟ್ಟಬೇಡಿ. ಇನ್ನೊಂದು, ಸೋಸಿದ ಚಹಾಪುಡಿಯನ್ನು ಸರಿಯಾಗಿ ಒಣಗಿಸದೆ ನೆಲಕ್ಕೆ ಅಂಟಿಸಿದೆ. ಜುಲೈ ತಿಂಗಳು, ಒಂದೇ ವಾರದಲ್ಲಿ ಬಿಳಿ ಬೂಸ್ಟು ಹತ್ತಿತು. ಈಗ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದೇ ಬಳಸುತ್ತೇನೆ. ಅರಳಿಯ ಬೇರಿಗೆ ಗರಿಕೆಯ ಬೇರು ತೊಳೆದು ಒಣಗಿಸಿದ್ದು, ಜಾಲಿಗೆ ಕರೆಂಟಿನ ವೈರಿನೊಳಗಿನ ತಾಮ್ರದ ಎಳೆ ಹೊಸೆದದ್ದು.

ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮನ್ನೂ ಮಾಡು ಎಂದು ಎಲ್ಲರ ಒತ್ತಾಯ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅದು 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ನಮ್ಮ ಅಳತೆಯಲ್ಲಿ 27 ಮೀಟರ್ ಹತ್ತಿರ ಆಗುತ್ತದೆ. ಅದರ 60 ಸೆಂ.ಮೀ. ತುಂಡು ಮಾಡಿ, ಎರಡು ತುದಿಯನ್ನೂ ಮೇಜಿನ ಅಂಚಿಗೆ ಮುರಿದು ಬಿಟ್ಟಿದ್ದೇನೆ. ಇನ್ನೊಂದು ಬೇಡಿಕೆಗೆ ಮಾತ್ರ ಒಪ್ಪಲಿಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಜನ ಸತ್ತರು. ಸ್ಲ್ಯಾಬಿನ ಮೇಲೆ ಸ್ಲ್ಯಾಬು ಕೂತ ಆ ರೂಪವನ್ನು ನಾನು ಯಾವ ಮೇಜಿಗೂ ತರುವುದಿಲ್ಲ.

ಈಗ ಕೈಯಲ್ಲಿರುವುದು ನಮ್ಮ ಕಥೆಯಲ್ಲಿ ಬತ್ತಿದ ಉಣಕಲ್ ಕೆರೆಯ ದಂಡೆ. ನೆಲಕ್ಕೆ ಅಜ್ಜಿಯ ಹೊಲದ ಎರೆಮಣ್ಣನ್ನೇ ತಂದಿದ್ದೇನೆ. ನೀರು ಕುಡಿದರೆ ಉಬ್ಬಿ, ಒಣಗಿದರೆ ಕುಗ್ಗಿ ಬಿರಿಯುವ ಮಣ್ಣು. ಬೇಸಿಗೆಯ ಹೊಲದಲ್ಲಿ ಅಂಗೈ ಅಡ್ಡ ಹೋಗುವಷ್ಟು ಅಗಲದ ಬಿರುಕು ನಮ್ಮ ಅಳತೆಗೆ ಒಂದೂವರೆ ಮಿ.ಮೀ. ಆಗಬೇಕು. ಜರಡಿ ಹಿಡಿದು, ಗಂಜಿಯಷ್ಟು ದಪ್ಪ ಕಲಸಿ, ಎಣ್ಣೆಬಣ್ಣ ಕುಡಿಸಿದ ಎಂಡಿಎಫ್ ಮೇಲೆ ಹಾಸಿ ನೆರಳಲ್ಲಿ ಒಣಗಿಸುತ್ತೇನೆ. ಪದರ ದಪ್ಪಗಿದ್ದರೆ ದೊಡ್ಡ ದೊಡ್ಡ ಹೆಂಟೆ, ತೆಳ್ಳಗಿದ್ದರೆ ಸಣ್ಣ ಬಿರುಕು. ನನಗೆ 3 ಮಿ.ಮೀ. ಸರಿಹೋಯಿತು. ಒಣಗಿದ ಮೇಲೆ ಫೆವಿಕಾಲ್ ನೀರು ಸುರಿಯಬೇಡಿ, ಮಣ್ಣು ಮತ್ತೆ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ಇಲ್ಲಿ ಥರ್ಮಾಕೋಲ್ ಇಲ್ಲವಾದ್ದರಿಂದ ಸ್ಪ್ರೇ ವಾರ್ನಿಷನ್ನು ದೂರದಿಂದ ಎರಡು ಸಲ ಹೊಡೆದರೆ ಗಟ್ಟಿಯಾಗುತ್ತದೆ. ಎರೆಮಣ್ಣು ಬೇಕಾದವರು ಮೇ ತಿಂಗಳೊಳಗೆ ತಂದಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಆ ಹೊಲದಲ್ಲಿ ಕಾಲಿಟ್ಟರೆ ಚಪ್ಪಲಿಯೂ ಕಿತ್ತು ಬರುವುದಿಲ್ಲ.