"ಗಾಡಿ ಅದುರುತ್ತೆ" ಅಂದರೆ ಸಾಲದು: ಮಿಷಿಗನ್ನಿನಲ್ಲಿ ಹಳೆ ಎಸ್‌ಯುವಿ ರಿಪೇರಿ ಮಾಡಿಸುವ ಬಗೆ

ಊರಲ್ಲಿ ಗಾಡಿ ಕೆಟ್ಟರೆ ಮೆಕ್ಯಾನಿಕ್ಕೇ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತಾನೆ. "ಸ್ವಲ್ಪ ಮುಂದಕ್ಕೆ ಬಿಡಿ ಸಾರ್, ಈಗ ಬ್ರೇಕ್ ಒತ್ತಿ, ಹ್ಞಾಂ, ಸಾಕು" ಅನ್ನುತ್ತಾನೆ. ಎರಡು ಸುತ್ತು ಹೊಡೆಯುವಷ್ಟರಲ್ಲಿ ಅವನ ಕಿವಿಗೆ ರೋಗ ಸಿಕ್ಕಿರುತ್ತದೆ. ಸಾಮಾನು ಬೇಕಾದರೆ ಹುಡುಗನೊಬ್ಬ ಜೆ.ಸಿ. ರಸ್ತೆಗೆ ಓಡುತ್ತಾನೆ.

ಇಲ್ಲಿ ಹಾಗಲ್ಲ. ನಿಮ್ಮ ಮಾತು ಕೇಳುವವರು ಒಬ್ಬರು, ಗಾಡಿಗೆ ಕೈ ಹಾಕುವವರು ಇನ್ನೊಬ್ಬರು. ಕೌಂಟರಿನಲ್ಲಿ ನಗುಮುಖದಿಂದ ಮಾತಾಡಿಸುವ ಸರ್ವಿಸ್ ಅಡ್ವೈಸರ್ ನೀವು ಹತ್ತು ನಿಮಿಷ ಹೇಳಿದ್ದನ್ನು ಒಂದು ಸಾಲಿಗೆ ಇಳಿಸಿ ಟೈಪ್ ಮಾಡುತ್ತಾರೆ. ಒಳಗಿರುವ ಟೆಕ್ನಿಷಿಯನ್‌ಗೆ ಸಿಗುವುದು ಆ ಒಂದು ಸಾಲು ಮಾತ್ರ. ಅದರಲ್ಲಿ "ವೈಬ್ರೇಶನ್ ಇದೆ" ಅಂತಷ್ಟೇ ಇದ್ದರೆ ಆತ ಎಲ್ಲಿಂದ ಹುಡುಕಬೇಕು?

ಇದನ್ನು ಕಲಿಯಲು ನನಗೆ ಮುನ್ನೂರು ಡಾಲರಿಗೂ ಹೆಚ್ಚು ಖರ್ಚಾಯಿತು. ನಿವೃತ್ತರಾಗಿ ಫ್ಲಾರಿಡಾಕ್ಕೆ ಹೊರಟಿದ್ದವರೊಬ್ಬರಿಂದ ಮೂರು ಸಾಲು ಸೀಟಿನ ಹಳೆ ಎಸ್‌ಯುವಿ ಕೊಂಡಿದ್ದೆ. ಓಡಿದ್ದು 1,68,000 ಮೈಲಿ, ಅಂದರೆ ಸುಮಾರು 2,70,000 ಕಿಲೋಮೀಟರ್. ಅವರ ಬಡಾವಣೆಯೊಳಗೆ ಮೂವತ್ತು ಮೈಲಿ ವೇಗದಲ್ಲಿ ಓಡಿಸಿ ನೋಡಿ, ಬೆಣ್ಣೆ ಹಾಗಿದೆ ಅಂದುಕೊಂಡು ದುಡ್ಡು ಕೊಟ್ಟೆ. ಮನೆಗೆ ಬರುವಾಗ ಐ-96 ಹೆದ್ದಾರಿ ಹತ್ತಿ 62 ಮುಟ್ಟಿದ್ದೇ ತಡ, ಸ್ಟೀರಿಂಗ್ ಹಿಡಿದ ಕೈ ಮಿಕ್ಸಿ ಹಿಡಿದ ಹಾಗೆ ನಡುಗಿತು. ಟೈರ್ ಅಂಗಡಿಗೆ ಹೋಗಿ "ಬ್ಯಾಲೆನ್ಸಿಂಗ್ ಮಾಡಿ" ಅಂದೆ. ಮಾಡಿದರು. ನಡುಕ ಹೋಗಲಿಲ್ಲ. ಇನ್ನೊಂದು ಕಡೆ "ಅಲೈನ್‌ಮೆಂಟ್ ಮಾಡಿ" ಅಂದೆ. ಅದನ್ನೂ ಮಾಡಿದರು. ಆಗಲೂ ಹೋಗಲಿಲ್ಲ. ಇಬ್ಬರ ತಪ್ಪೂ ಇಲ್ಲ. ನಾನು ಕೇಳಿದ್ದನ್ನು ಕೊಟ್ಟರು, ಬಿಲ್ ಹಾಕಿದರು. ಇಲ್ಲಿ ಕೆಲಸದ ಹೆಸರು ಹೇಳಿದರೆ ಆ ಕೆಲಸ ಆಗುತ್ತದೆ. ತೊಂದರೆ ಹೇಳಿ "ಕಾರಣ ಹುಡುಕಿ" ಅಂದರೆ ಮಾತ್ರ ಹುಡುಕುತ್ತಾರೆ, ಅದಕ್ಕೆ ಬೇರೆ ಶುಲ್ಕ. ಡಯಾಗ್ನೋಸ್ಟಿಕ್ ಫೀ ಅಂತ ನೂರರಿಂದ ಇನ್ನೂರು ಡಾಲರ್ ಕೇಳಿದಾಗ ನಮ್ಮವರಿಗೆ ಹೊಟ್ಟೆ ಉರಿಯುತ್ತದೆ, "ನೋಡೋಕೂ ದುಡ್ಡಾ?" ಅಂತ. ಕೊಡಿ. ಅಂದಾಜಿನ ಮೇಲೆ ಸಾಮಾನು ಬದಲಿಸುತ್ತ ಹೋಗುವುದಕ್ಕಿಂತ ಅದು ಅಗ್ಗ.

ಗ್ಯಾರೇಜಿಗೆ ಹೋಗುವ ಮುಂಚೆ ಒಂದು ವಾರ ಫೋನಿನಲ್ಲಿ ಬರೆದಿಡಿ. ಯಾವ ವೇಗದಲ್ಲಿ ಶುರುವಾಗುತ್ತದೆ, ಯಾವ ವೇಗದಲ್ಲಿ ನಿಲ್ಲುತ್ತದೆ. ಕೈಗೆ ಗೊತ್ತಾಗುತ್ತದೋ, ಕೂತ ಜಾಗಕ್ಕೋ. ಸಾಮಾನ್ಯವಾಗಿ ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ಅದುರಿದರೆ ಹಿಂದಿನದು. 50ರಿಂದ 70 ಮೈಲಿ ನಡುವೆ ಬಂದು ಹೋಗುವ ನಡುಕ ಹೆಚ್ಚಾಗಿ ಟೈರಿನದೋ ರಿಮ್ಮಿನದೋ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕ್ ಡಿಸ್ಕ್ ಒಂದೇ ದಪ್ಪಕ್ಕೆ ಉಳಿದಿಲ್ಲ ಅಂತ. ಆಕ್ಸಿಲರೇಟರ್ ತುಳಿದಾಗ ಅದುರಿ, ಕಾಲು ತೆಗೆದ ಕೂಡಲೇ ನಿಂತರೆ ಒಳಗಿನ ಸಿವಿ ಜಾಯಿಂಟ್ (ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ದಂಡದ ಒಳತುದಿಯ ಕೀಲು) ಮೇಲೆ ಅನುಮಾನ. ಸಿಗ್ನಲ್ಲಿನಲ್ಲಿ ನಿಂತು ಗೇರ್ ಡ್ರೈವ್‌ನಲ್ಲಿರುವಾಗ ಡ್ಯಾಶ್‌ಬೋರ್ಡ್ ಗಡಗಡ ಅಂದು, ನ್ಯೂಟ್ರಲ್‌ಗೆ ಹಾಕಿದರೆ ಮೆತ್ತಗಾದರೆ ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ ಕೂತಿರುವ ರಬ್ಬರ್ ಆಧಾರ, ನೋಡಿಸಿ. ಚೆಕ್ ಎಂಜಿನ್ ದೀಪವೂ ಹತ್ತಿದ್ದರೆ ಮೊದಲು ಆಟೋಜೋನ್‌ನಂಥ ಬಿಡಿಭಾಗದ ಅಂಗಡಿಗೆ ಹೋಗಿ, ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಪುಕ್ಕಟೆ ಓದಿ ಹೇಳುತ್ತಾರೆ. ಎಂಜಿನ್ನೇ ಮಿಸ್ ಹೊಡೆಯುತ್ತಿದ್ದರೆ ಮೌಂಟಿಂಗ್ ಬದಲಿಸಿ ಏನೂ ಬರುವುದಿಲ್ಲ.

ಸದ್ದುಗಳಿಗೆ ಇಲ್ಲಿನ ಹೆಸರು ಗೊತ್ತಿರಬೇಕು. ಹದಿಮೂರು ವರ್ಷದ ಮೇಲೂ ನನಗೆ ಗಾಡಿಯ ಸದ್ದು ಕನ್ನಡದಲ್ಲೇ ಕೇಳುತ್ತದೆ, ಕೌಂಟರಿನಲ್ಲಿ ನಿಂತಾಗ ಬಾಯಿಗೆ ಬರುವುದು "ಒಂಥರಾ ಸೌಂಡು" ಅಷ್ಟೆ. ವೇಗ ಏರಿದಂತೆ ಏರುವ ಗುಂಯ್ ಅನ್ನುವುದಕ್ಕೆ ಹಮ್ ಅನ್ನಿ. ಅದು ವೀಲ್ ಬೇರಿಂಗ್ ಇರಬಹುದು, ಇಲ್ಲವೇ ಏರುತಗ್ಗಾಗಿ ಸವೆದ ಟೈರ್. ಪೂರ್ತಿ ತಿರುಗಿಸಿದಾಗ ಬರುವ ಟಕ್ ಟಕ್ ಕ್ಲಿಕ್, ಹೊರಗಿನ ಸಿವಿ ಜಾಯಿಂಟಿನದು. ಗುಂಡಿಗೆ ಬಿದ್ದಾಗ ಧಡ್ ಅನ್ನುವುದು ಕ್ಲಂಕ್. ಸಸ್ಪೆನ್ಷನ್‌ನ ಭಾಗಗಳಾದ ಸ್ವೇ ಬಾರ್ ಲಿಂಕ್, ಬಾಲ್ ಜಾಯಿಂಟ್, ಸ್ಟ್ರಟ್ ಮೌಂಟ್ ಮೂರೂ ಅದೇ ಸದ್ದು ಮಾಡುತ್ತವೆ, ಎತ್ತಿ ನೋಡದೆ ಹೇಳುವಂತಿಲ್ಲ. ಕರಕರ ಅಂದರೆ ಗ್ರೈಂಡ್. ಅದನ್ನು ಕೇಳಿಯೂ ಒಂದು ವಾರ ಬರೆದಿಡುತ್ತ ಕೂರಬೇಡಿ, ಬ್ರೇಕ್ ಪ್ಯಾಡ್ ಮುಗಿದಿರಬಹುದು.

ಕೊನೆಗೆ ಕೌಂಟರಿನಲ್ಲಿ ಕೇಳಬೇಕಾದದ್ದು ಒಂದೇ: ಟೆಕ್ನಿಷಿಯನ್ ಜೊತೆ ಒಂದು ಟೆಸ್ಟ್ ಡ್ರೈವ್. ದೊಡ್ಡ ಡೀಲರ್‌ಶಿಪ್ಪಿನಲ್ಲಿ ಗೊಣಗುತ್ತಾರೆ. ಎರಡು ಮೂರು ಲಿಫ್ಟ್ ಇರುವ ಸ್ವತಂತ್ರ ಗ್ಯಾರೇಜಿನಲ್ಲಿ ಮಾಲೀಕನೇ ಕೀ ತಗೊಂಡು ಹೊರಡುತ್ತಾನೆ. ಹಳೆ ಗಾಡಿಗೆ ಅಂಥ ಜಾಗವೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಗಂಟೆಯ ದರವೂ ಅಲ್ಲಿ ಸಾಮಾನ್ಯವಾಗಿ ಕಡಿಮೆ.

ಇನ್ನು ಟೈರು. ಹಳೆ ಗಾಡಿಯ ನಡುಕಕ್ಕೆ ಅರ್ಧಕ್ಕರ್ಧ ಉತ್ತರ ಅಲ್ಲೇ ಇರುತ್ತದೆ, ಮತ್ತು ನೋಡಲು ಖರ್ಚಿಲ್ಲ. ಟೈರಿನ ಪಕ್ಕದಲ್ಲಿ DOT ಅನ್ನುವ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2317 ಅಂತಿದ್ದರೆ 2017ರ 23ನೇ ವಾರ ತಯಾರಾದದ್ದು. ಗ್ರಿಪ್ ಚೆನ್ನಾಗಿ ಕಂಡರೂ ಅಷ್ಟು ವಯಸ್ಸಾದ ರಬ್ಬರ್ ಗಟ್ಟಿಯಾಗಿರುತ್ತದೆ, ಒಳಗಿನ ಬೆಲ್ಟ್ ಬಿಟ್ಟಿರಲೂಬಹುದು. ಅಂಗೈಯನ್ನು ಟೈರಿನ ಮೇಲೆ ನಿಧಾನವಾಗಿ ಸವರಿ. ಎಲ್ಲಾದರೂ ಉಬ್ಬು ಸಿಕ್ಕರೆ ಆ ಟೈರಿನ ಮೇಲೆ ಫ್ರೀವೇ ಹತ್ತಬೇಡಿ. ಮೀಟರಿನಲ್ಲಿ ಗಾಳಿ ನೋಡುವಾಗ ಟೈರಿನ ಮೇಲೆ ಬರೆದಿರುವ ದೊಡ್ಡ ಅಂಕಿಯನ್ನು ನಂಬಬೇಡಿ, ಅದು ಆ ಟೈರ್ ತಡೆಯುವ ಗರಿಷ್ಠ ಒತ್ತಡ. ನಿಮ್ಮ ಗಾಡಿಗೆ ಎಷ್ಟು ಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರ್ ಮೇಲಿದೆ. ನನ್ನದರಲ್ಲಿ 32 ಪಿಎಸ್‌ಐ. ಹಿಂದಿನವರು 44 ತುಂಬಿಸಿಟ್ಟಿದ್ದರು! ಎತ್ತಿ ಎತ್ತಿ ಹಾಕುತ್ತಿದ್ದ ಸವಾರಿಯಲ್ಲಿ ಒಂದಷ್ಟು ಪಾಲು ಆ ಗಾಳಿಯದೇ. ಚಳಿ ಏರಿದಂತೆ ಗಾಳಿ ಇಳಿಯುತ್ತದೆ, ಹತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಸುಮಾರು ಒಂದು ಪಿಎಸ್‌ಐ. ಹಾಗಾಗಿ ನವೆಂಬರಿನಲ್ಲಿ ಒಮ್ಮೆ, ಗಾಡಿ ಓಡಿಸುವ ಮುಂಚೆ, ತಣ್ಣಗಿರುವಾಗಲೇ ನೋಡಿ.

ಸಾದಾ ಬ್ಯಾಲೆನ್ಸಿಂಗ್‌ನಲ್ಲಿ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ನೆಲದ ಒತ್ತಡ ಅದಕ್ಕೆ ಗೊತ್ತಾಗುವುದಿಲ್ಲ. ರೋಡ್ ಫೋರ್ಸ್ ಅನ್ನುವ ಯಂತ್ರದಲ್ಲಿ ಒಂದು ರೋಲರ್ ಟೈರನ್ನು ಒತ್ತಿ ಹಿಡಿದು ತಿರುಗಿಸುತ್ತದೆ. ಟೈರಿನ ಒಂದು ಕಡೆ ಗಟ್ಟಿಯಾಗಿದ್ದರೆ, ರಿಮ್ ಸೊಟ್ಟಗಾಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೋಗಿ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಆಲ್ ವೀಲ್ ಡ್ರೈವ್ ಗಾಡಿಯಾದರೆ ಒಂದೇ ಟೈರ್ ಬದಲಿಸಿ ಉಳಿದ ಮೂರನ್ನು ಹಳತೇ ಬಿಡುವ ಮುಂಚೆ ಓನರ್ಸ್ ಮ್ಯಾನ್ಯುಯಲ್ ತೆಗೆದು ನೋಡಿ. ನಾಲ್ಕರ ಸುತ್ತಳತೆಯಲ್ಲಿ ವ್ಯತ್ಯಾಸ ಹೆಚ್ಚಾದರೆ ಟೈರ್ ಉಳಿಸಲು ಹೋಗಿ ಗೇರಿನ ಭಾಗಗಳಿಗೆ ತೆರಬೇಕಾದೀತು.

ನನ್ನ ನಡುಕದ ಮೂಲ ಸಿಕ್ಕಿದ್ದು ಟೈರಿನಲ್ಲಲ್ಲ, ಅದರ ಹಿಂದೆ. ಈ ರಾಜ್ಯದಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಚಕ್ರ ಕೂರುವ ಹಬ್ಬಿನ ಮೇಲೆ ತುಕ್ಕು ಚಕ್ಕೆ ಚಕ್ಕೆಯಾಗಿ ಎದ್ದಿತ್ತು, ಅಲಾಯ್ ಚಕ್ರ ಅದರ ಮೇಲೆ ಸಪಾಟಾಗಿ ಕೂರುತ್ತಿರಲಿಲ್ಲ. ಚಕ್ರವನ್ನು ಯಂತ್ರಕ್ಕೆ ಹಾಕಿದರೆ ಬ್ಯಾಲೆನ್ಸ್ ಸರಿ, ಗಾಡಿಗೆ ಹಾಕಿದರೆ ಓಲಾಟ. ತಂತಿ ಬ್ರಶ್ಶಿನಲ್ಲಿ ಹಬ್ ಉಜ್ಜಿ, ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಅಡ್ಡಡ್ಡ ಕ್ರಮದಲ್ಲಿ ಬಿಗಿದ ಮೇಲೆ ಮುಕ್ಕಾಲು ಪಾಲು ನಡುಕ ಹೋಯಿತು. ಚಕ್ರ ತೆಗೆದು ಹಾಕಿದಾಗೆಲ್ಲ 50 ಮೈಲಿ ಓಡಿಸಿ ಮತ್ತೊಮ್ಮೆ ಟಾರ್ಕ್, ಅಂದರೆ ನಟ್ಟಿನ ಬಿಗಿತ, ನೋಡಿಸುವುದು ಒಳ್ಳೆಯದು. ಅನೇಕ ಟೈರ್ ಅಂಗಡಿಗಳು ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ.

ಹೊಸದಾಗಿ ಬಂದವರಿಗೆ ಇನ್ನೊಂದು. ರಾತ್ರಿ ಜೋರು ಹಿಮ ಬಿದ್ದು, ಬೆಳಗ್ಗೆ ಫ್ರೀವೇಯಲ್ಲಿ ಗಾಡಿ ಭೂತ ಹೊಕ್ಕ ಹಾಗೆ ಅದುರಿದರೆ ಗ್ಯಾರೇಜಿಗೆ ಓಡಬೇಡಿ. ರಿಮ್ಮಿನ ಒಳಗಡೆ ಹಿಮ ಹೆಪ್ಪುಗಟ್ಟಿ ಕೂತಿರುತ್ತದೆ. ಕಾರ್ ವಾಷ್‌ನಲ್ಲಿ ಚಕ್ರಗಳೊಳಕ್ಕೆ ಬಿಸಿನೀರು ಹೊಡೆಸಿದರೆ ಮುಗಿಯಿತು.

ಉಳಿದ ಕಾಲು ಪಾಲು, ಮತ್ತು ಗುಂಡಿಯಲ್ಲಿ ಧಡ್ ಅನ್ನುತ್ತಿದ್ದದ್ದು, ಚಕ್ರವನ್ನು ಗಾಡಿಗೆ ಸೇರಿಸುವ ಕಂಟ್ರೋಲ್ ಆರ್ಮ್‌ನ ರಬ್ಬರ್ ಬುಶ್‌ನದು. ಆ ರಬ್ಬರ್ ಹರಿದು ಹೋಗಿತ್ತು. ಶಾಕ್, ಸ್ಟ್ರಟ್‌ಗಳೂ ಇಷ್ಟು ಮೈಲಿಗೆ ಸೋತಿರುತ್ತವೆ. ಉಬ್ಬು ದಾಟಿದ ಮೇಲೆ ಗಾಡಿ ಎರಡು ಮೂರು ಸಲ ತೂಗಿದರೆ, ಶಾಕ್ ಮೇಲೆ ಎಣ್ಣೆ ಸೋರಿದ್ದರೆ ಕಾಲ ಮುಗಿಯಿತು ಅಂತ. ಬುಶ್ ಬದಲಿಸುವವರಿಗೆ ಒಂದು ಮಾತು ನೆನಪಿಸಿ: ಬೋಲ್ಟುಗಳನ್ನು ಕೊನೆಯ ಸುತ್ತು ಬಿಗಿಯುವುದು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ. ಲಿಫ್ಟಿನ ಮೇಲೆ ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಈ ಕೆಲಸವಾದ ಮೇಲೆ ಅಲೈನ್‌ಮೆಂಟ್ ಬೇಕು, ಮುಂಚೆ ಅಲ್ಲ. ನಾನು ಮುಂಚೆ ಮಾಡಿಸಿದ್ದೆ, ಆ ದುಡ್ಡು ನೀರಿಗೆ ಹೋಯಿತು.

ನೀವೇ ಮಾಡುವುದಾದರೆ ಆಟೋಜೋನ್, ಓ'ರೈಲಿಯಂಥ ಅಂಗಡಿಗಳು ಡೆಪಾಸಿಟ್ ಇಟ್ಟರೆ ಉಪಕರಣ ಕೊಡುತ್ತವೆ, ವಾಪಸ್ ಕೊಟ್ಟಾಗ ದುಡ್ಡು ಪೂರ್ತಿ ಹಿಂದಿರುಗುತ್ತದೆ. ಸ್ವೇ ಬಾರ್ ಲಿಂಕ್ ಮನೆಯಲ್ಲೇ ಆಗುವ ಕೆಲಸ. ಸ್ಟ್ರಟ್‌ನ ಸ್ಪ್ರಿಂಗ್ ಅದುಮಿ ಬಿಚ್ಚುವುದಕ್ಕೆ ಮಾತ್ರ ಹೋಗಬೇಡಿ, ಹಾರಿದರೆ ಮುಖಕ್ಕೇ. ಸ್ಪ್ರಿಂಗ್ ಸಮೇತ ಜೋಡಿಸಿದ ಪೂರ್ತಿ ಸೆಟ್ಟೇ ಸಿಗುತ್ತದೆ.

ಕಾಗದಪತ್ರದ ವಿಷಯ. ಮಿಷಿಗನ್ನಿನಲ್ಲಿ ರಿಪೇರಿ ಅಂಗಡಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಮೆಕ್ಯಾನಿಕ್‌ಗಳಿಗೆ ರಾಜ್ಯದ ಪ್ರಮಾಣಪತ್ರ ಇರಬೇಕು. ಡ್ರೈವಿಂಗ್ ಲೈಸೆನ್ಸ್ ಕೊಡುವುದೂ ಅದೇ ಕಚೇರಿ. ಕೆಲಸಕ್ಕೆ ಮುಂಚೆ ಲಿಖಿತ ಎಸ್ಟಿಮೇಟ್ ಕೇಳಿ ಪಡೆಯಿರಿ, ನಿಮ್ಮನ್ನು ಕೇಳದೆ ಬಿಲ್ ಅದನ್ನು ಬೇಕಾಬಿಟ್ಟಿ ಮೀರುವಂತಿಲ್ಲ. ಬಿಚ್ಚಿದ ಹಳೆ ಸಾಮಾನು ತೋರಿಸಿ ಅಂತ ಮೊದಲೇ ಹೇಳಿಡಿ. ಎಸ್ಟಿಮೇಟಿನಲ್ಲಿ ಕಾಣುವ ಗಂಟೆಗಳು ಗಡಿಯಾರದವಲ್ಲ, ಆ ಕೆಲಸಕ್ಕೆ ಇಷ್ಟು ಅಂತ ಪುಸ್ತಕ ಗೊತ್ತುಮಾಡಿದವು. ಎರಡೂವರೆ ಗಂಟೆ ಅಂತಿದ್ದು ಒಂದೂವರೆಯಲ್ಲೇ ಮುಗಿಸಿದರೂ ಕೊಡುವುದು ಎರಡೂವರೆಯದೇ. ಜಗಳವಾಡಿ ಉಪಯೋಗವಿಲ್ಲ, ನಾನು ಆಡಿ ನೋಡಿದ್ದೇನೆ.

ಇಲ್ಲಿ ಖಾಸಗಿ ಕಾರುಗಳಿಗೆ ವರ್ಷವರ್ಷದ ಸೇಫ್ಟಿ ತಪಾಸಣೆ ಇಲ್ಲ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ವರ್ಜೀನಿಯಾದಲ್ಲಿರುವ ನಮ್ಮವರಿಗೆ ಅದಿದೆ. ಟೆಕ್ಸಸ್ 2025ರ ಜನವರಿಯಿಂದ ತೆಗೆದುಹಾಕಿದೆ. ಅಂದರೆ ಬಾಲ್ ಜಾಯಿಂಟ್ ಕಳಚುವ ಸ್ಥಿತಿಯ ಗಾಡಿಗೂ ಇಲ್ಲಿ ನಂಬರ್ ಪ್ಲೇಟ್ ಸಿಗುತ್ತದೆ. ಡೀಲರ್ ಬಳಿ ಹಳೆ ಗಾಡಿ ಕೊಂಡರೆ ಕಿಟಕಿಗೆ ಬೈಯರ್ಸ್ ಗೈಡ್ ಅನ್ನುವ ಹಾಳೆ ಇರಲೇಬೇಕು. ಅದರಲ್ಲಿ "ಆ್ಯಸ್ ಈಸ್" (ಇದ್ದದ್ದು ಇದ್ದ ಹಾಗೆ, ವಾರಂಟಿ ಇಲ್ಲ) ಮುಂದೆ ಗುರುತಿದ್ದರೆ ಹೊರಗೆ ಬಂದ ಮೇಲೆ ಕೆಟ್ಟದ್ದೆಲ್ಲ ನಿಮ್ಮದೇ. ಪದೇಪದೇ ಕೆಡುವ ಗಾಡಿ ಕೊಂಡವರಿಗೆ ರಕ್ಷಣೆ ಕೊಡುವ ಮಿಷಿಗನ್ನಿನ ಲೆಮನ್ ಕಾನೂನೂ ಹೊಸ ಗಾಡಿಗಳಿಗಷ್ಟೇ. ಕೊಳ್ಳುವ ಮುಂಚೆ ನೂರೈವತ್ತು ಡಾಲರ್ ಕೊಟ್ಟು ಬೇರೆ ಮೆಕ್ಯಾನಿಕ್‌ನಿಂದ ಲಿಫ್ಟ್ ಮೇಲೆ ಎತ್ತಿಸಿ ನೋಡಿ, ಮತ್ತು ದಯವಿಟ್ಟು 70ರಲ್ಲಿ ಓಡಿಸಿ ನೋಡಿ.

ಗಾಡಿಯ 17 ಅಕ್ಷರದ ವಿನ್ ಅನ್ನುವ ಗುರುತಿನ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹಾಕಿದರೆ ಬಾಕಿ ಇರುವ ರೀಕಾಲ್ (ಸುರಕ್ಷತಾ ದೋಷ ಸರಿಪಡಿಸಲು ಕಂಪನಿ ಗಾಡಿಯನ್ನು ವಾಪಸ್ ಕರೆಸುವುದು) ಕಾಣುತ್ತದೆ, ಅದರ ರಿಪೇರಿ ಡೀಲರ್ ಬಳಿ ಪುಕ್ಕಟೆ. ಅಲ್ಲೇ ತಯಾರಕರ ಸರ್ವಿಸ್ ಬುಲೆಟಿನ್‌ಗಳೂ ಸಿಗುತ್ತವೆ. ಅವು ಪುಕ್ಕಟೆ ರಿಪೇರಿಯಲ್ಲ, ಆದರೆ "ಈ ಮಾಡೆಲ್ ಇಂಥ ವೇಗದಲ್ಲಿ ಅದುರಿದರೆ ಹೀಗೆ ಮಾಡಿ" ಅಂತ ಕಂಪನಿಯೇ ಬರೆದದ್ದು ಸಿಕ್ಕರೆ ಪ್ರಿಂಟ್ ತೆಗೆದು ಕೌಂಟರಿನಲ್ಲಿಡಿ. ನಿಮ್ಮ ಒಂದು ಸಾಲು ಎರಡು ಪುಟವಾಗುತ್ತದೆ. ಇನ್ನು ವಾರಂಟಿ ಮುಗಿಯಿತು, ಹೊಸದು ಕೊಳ್ಳಿ ಅಂತ ಕರೆ ಬಂದರೆ ಅವರ ಕಾಂಟ್ರಾಕ್ಟ್ ಓದಿ ನೋಡಿ: ಟೈರ್, ಶಾಕ್, ಬುಶ್‌ನಂಥ ಸವೆಯುವ ಸಾಮಾನು ಹೆಚ್ಚಾಗಿ ಹೊರಗಿಟ್ಟ ಪಟ್ಟಿಯಲ್ಲೇ ಇರುತ್ತವೆ.

ಮಾರ್ಚಿನಲ್ಲಿ ಹಿಮ ಕರಗಿ ಗುಂಡಿಗಳು ಬಾಯಿ ತೆರೆದು ರಿಮ್ ಬೆಂಡಾದರೆ ಇನ್ಶೂರೆನ್ಸ್‌ನಲ್ಲಿ ಅದು ಕೊಲಿಷನ್, ಅಂದರೆ ಡಿಕ್ಕಿಯ ವಿಮೆ, ಕೆಳಗೆ ಬರುತ್ತದೆ. ಹಳೆ ಗಾಡಿಗೆ ಆ ಭಾಗವನ್ನು ನಾವು ತೆಗೆಸಿರುತ್ತೇವೆ, ಇದ್ದರೂ ಡಿಡಕ್ಟಿಬಲ್, ಅಂದರೆ ಮೊದಲು ನಾವೇ ಭರಿಸಬೇಕಾದ ಮೊತ್ತ, ರಿಮ್ಮಿನ ಬೆಲೆಗಿಂತ ದೊಡ್ಡದು. ರಸ್ತೆ ಇಲಾಖೆಗೆ ಅರ್ಜಿ ಹಾಕಬಹುದು, ಆದರೆ ಗುಂಡಿ ಅವರಿಗೆ ಮೊದಲೇ ಗೊತ್ತಿದ್ದೂ ಮುಚ್ಚಲಿಲ್ಲ ಅನ್ನುವುದು ಸಾಬೀತಾಗಬೇಕು. ನಾನು ಹಾಕಿಲ್ಲ. ಗುಜರಿ ಅಂಗಳದಲ್ಲಿ ಅದೇ ಮಾಡೆಲಿನ ರಿಮ್ ಎಪ್ಪತ್ತು ಡಾಲರಿಗೆ ಸಿಕ್ಕಿತು.

ಈಗ ಗಾಡಿ 1,91,000 ದಾಟಿದೆ. 75ರಲ್ಲೂ ಸ್ಟೀರಿಂಗ್ ಅಲುಗುವುದಿಲ್ಲ. ಸಿಗ್ನಲ್ಲಿನಲ್ಲಿ ಮಾತ್ರ ಇನ್ನೂ ಸಣ್ಣಗೆ ಗಡಗಡ ಅನ್ನುತ್ತದೆ, ಹಿಂದಿನ ಎಂಜಿನ್ ಮೌಂಟಿಂಗ್‌ನದು. ಬದಲಿಸಲು 640 ಡಾಲರ್ ಎಸ್ಟಿಮೇಟ್ ಕೊಟ್ಟಿದ್ದಾರೆ, ಗಾಡಿ ಮಾರಿದರೆ ನಾಲ್ಕು ಸಾವಿರ ಬಂದರೆ ಹೆಚ್ಚು. ಕೆಂಪು ದೀಪ ಬಿದ್ದಾಗ ನ್ಯೂಟ್ರಲ್‌ಗೆ ಹಾಕಿಕೊಂಡು ಕೂರುತ್ತೇನೆ.