ಆರ್‌ಎ ಇಟ್ಟುಕೊಂಡೇ ನಾನು ತಾಯಿಯಾದದ್ದು

ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಪ್ರತಿ ಗುರುವಾರ ಒಂದು ಕೆಂಪು ಚುಕ್ಕಿ ಇರುತ್ತಿತ್ತು. ಅದು ನನ್ನ ಕೀಲುನೋವಿನ ಕಾಯಿಲೆಗೆ ತಗೊಳ್ಳುವ ಮೆಥೋಟ್ರೆಕ್ಸೇಟ್ ದಿನ. ವಾರಕ್ಕೊಂದೇ ಸಲ ತಗೊಳ್ಳುವ ಔಷಧಿ ಅದು, ಮರೆತು ದಿನಾ ನುಂಗಿಬಿಟ್ಟರೆ ಅಪಾಯ. ಅದಕ್ಕೇ ಚುಕ್ಕಿ.

ಅದು ರುಮಟಾಯ್ಡ್ ಆರ್ಥರೈಟಿಸ್ (ಆರ್‌ಎ) ಅಂತ ಗೊತ್ತಾದಾಗ ನನಗೆ 24 ವರ್ಷ. ಮನೆಯಲ್ಲಿ ಎಲ್ಲರೂ ಸುಮ್ನೆ ‘ವಾಯು’ ಅನ್ನುತ್ತಿದ್ದರು. ವಯಸ್ಸಾದವರ ಮಂಡಿನೋವು ಬೇರೆ, ಇದು ಬೇರೆ. ರೋಗದಿಂದ ಕಾಪಾಡಬೇಕಾದ ಶಕ್ತಿಯೇ ನಮ್ಮ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಬೆಳಿಗ್ಗೆ ಎದ್ದರೆ ಒಂದು ಗಂಟೆ ಬೆರಳು ಮಡಚಲು ಆಗುತ್ತಿರಲಿಲ್ಲ.

ಮದುವೆಯಾಗಿ ಒಂದು ವರ್ಷಕ್ಕೆ ಮಗು ಬೇಕು ಅನ್ನಿಸಿತು. ಆಗ ಯಾರನ್ನೂ ಕೇಳದೆ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ನಿಲ್ಲಿಸಿಬಿಟ್ಟೆ. “ಇಷ್ಟೊಂದು ಮಾತ್ರೆ ನುಂಗ್ತಿದ್ರೆ ಮಗು ಹೇಗೆ ನಿಲ್ಲತ್ತಮ್ಮ?” ಅಂತ ಅತ್ತೆ ಕೇಳಿದ್ದರು. ಕಾಳಜಿಯಿಂದಲೇ ಕೇಳಿದ್ದು. ನನ್ನೊಳಗೂ ಅದೇ ಭಯ ಇತ್ತು. ಆರು ವಾರಕ್ಕೆ ಮಣಿಕಟ್ಟು ಊದಿಕೊಂಡಿತು. ಚಪಾತಿ ಲಟ್ಟಿಸುವುದಿರಲಿ, ಕುಕ್ಕರ್ ಮುಚ್ಚಳ ತೆಗೆಯಲೂ ಗಂಡನನ್ನು ಕರೆಯಬೇಕಿತ್ತು. ನೋವು ತಡೆಯಲಾರದೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ಹೆಚ್ಚುಕಡಿಮೆ ದಿನವೂ ನುಂಗಿದೆ. ಹತ್ತು ತಿಂಗಳು ಕಳೆಯಿತು. ಪ್ರತಿ ತಿಂಗಳೂ ಮುಟ್ಟಾಗುತ್ತಿತ್ತು, ಪ್ರತಿ ತಿಂಗಳೂ ಬಚ್ಚಲಲ್ಲಿ ಕೂತು ಅಳುತ್ತಿದ್ದೆ.

ಕೊನೆಗೆ ರುಮಟಾಲಜಿ, ಅಂದರೆ ಕೀಲುರೋಗದ, ಡಾಕ್ಟರ ಹತ್ತಿರ ಹೋದಾಗ ಅವರು ಬೈಯಲಿಲ್ಲ. “ಬಿಡಬೇಕಾಗಿದ್ದು ಒಂದು ಮಾತ್ರೆ, ನೀವು ಮೂರನ್ನೂ ಬಿಟ್ಟಿದ್ದೀರಿ” ಅಂದರು. ಮೆಥೋಟ್ರೆಕ್ಸೇಟ್ ಭ್ರೂಣಕ್ಕೆ ಹಾನಿ ಮಾಡುತ್ತದೆ. ಅದನ್ನು ಮಗುವಿಗೆ ಪ್ರಯತ್ನಿಸುವ ಮುಂಚೆಯೇ, ಒಂದರಿಂದ ಮೂರು ತಿಂಗಳು ಮೊದಲು, ನಿಲ್ಲಿಸಬೇಕು. ಉಳಿದ ಎರಡು, ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಸಲ್ಫಾಸಲಜೀನ್, ಬಸುರಿಯಲ್ಲೂ ತಗೊಳ್ಳಬಹುದು. ನಾನು ಅವನ್ನೂ ಕಸದ ಬುಟ್ಟಿಗೆ ಹಾಕಿದ್ದೆ! ಇನ್ನೂ ಎರಡು ವಿಷಯ ಅವತ್ತೇ ಗೊತ್ತಾದದ್ದು: ಕಾಯಿಲೆ ಜೋರಾಗಿದ್ದರೆ ಗರ್ಭ ನಿಲ್ಲುವುದು ತಡವಾಗುತ್ತದೆ. ಮತ್ತೆ, ನಾನು ನುಂಗುತ್ತಿದ್ದಂಥ ನೋವಿನ ಮಾತ್ರೆಗಳು ಅಂಡಾಣು ಹೊರಬರುವುದಕ್ಕೇ ಅಡ್ಡಿಯಾಗಬಹುದು.

ಆ ಎರಡು ಮಾತ್ರೆ ಮತ್ತೆ ಶುರುವಾಯಿತು, ಜೊತೆಗೆ ಊತ ಇಳಿಸುವ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೋಲೋನ್, 5 ಮಿಲಿಗ್ರಾಂ. ಸಲ್ಫಾಸಲಜೀನ್ ತಗೊಂಡರೆ ಮೈಗೆ ಫೋಲಿಕ್ ಆಸಿಡ್ ಸರಿಯಾಗಿ ಸೇರುವುದಿಲ್ಲ, ಹಾಗಾಗಿ ಅದೂ ದಿನಕ್ಕೆ 5 ಮಿಲಿಗ್ರಾಂ. ಕಾಯಿಲೆ ಕೆಲವು ತಿಂಗಳು ತಣ್ಣಗಿರಲಿ, ಆಮೇಲೆ ನೋಡೋಣ ಅಂದರು. ನನಗೆ ಆಗ ವಯಸ್ಸಿನ ಚಿಂತೆ ಬೇರೆ, ಈ ಕಾಯುವುದು ತುಂಬ ಕಷ್ಟವಾಯಿತು. ಆದರೆ ಊತ ಇಳಿದು, ಪ್ರಯತ್ನ ಮತ್ತೆ ಶುರು ಮಾಡಿದ ಐದನೇ ತಿಂಗಳಿಗೆ ದಿನ ತಪ್ಪಿತು.

ಇದೇ ಕಾಯಿಲೆಗೆ ಕೊಡುವ ಇನ್ನೊಂದು ಔಷಧಿ ಲೆಫ್ಲುನೊಮೈಡ್ ತಗೊಳ್ಳುವವರು ಇನ್ನೂ ಮುಂಚೆಯೇ ಡಾಕ್ಟರಿಗೆ ಹೇಳಬೇಕು. ಅದು ಬಿಟ್ಟ ಮೇಲೂ ಮೈಯಲ್ಲಿ ಬಹಳ ಕಾಲ ಉಳಿಯುತ್ತದೆ, ಅದನ್ನು ಹೊರಹಾಕಲು ಬೇರೆ ಔಷಧಿಯೇ ಕೊಡುತ್ತಾರೆ.

ಬಸುರಿಯಾದ ಮೇಲೆ ಆಂಟಿ-ರೋ ಅನ್ನುವ ಪ್ರತಿಕಾಯ ಇದೆಯಾ ಅಂತ ರಕ್ತಪರೀಕ್ಷೆ ಮಾಡಿಸಿದರು. ಅದು ಇದ್ದವರ ಪೈಕಿ ಕೆಲವೇ ಕೆಲವರಲ್ಲಿ ಮಗುವಿನ ಎದೆಬಡಿತಕ್ಕೆ ತೊಂದರೆ ಆಗಬಹುದಂತೆ. ನನಗೆ ಇರಲಿಲ್ಲ. ನಾಲ್ಕನೇ ತಿಂಗಳ ಹೊತ್ತಿಗೆ ನನ್ನ ಕೈ ನನ್ನದೇ ಅಂತ ನಂಬಲಾಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮುಷ್ಟಿ ಕಟ್ಟಲು ಬರುತ್ತಿತ್ತು! ಬಸುರಿಯಲ್ಲಿ ಈ ನೋವು ಇಳಿಯುವುದನ್ನು ಅಮೆರಿಕದ ಡಾಕ್ಟರ್ ಫಿಲಿಪ್ ಹೆಂಚ್ 1930ರ ದಶಕದಲ್ಲೇ ಗಮನಿಸಿದ್ದರು. ಅದರ ಕಾರಣ ಹುಡುಕುತ್ತಾ ಹೋಗಿ ಕಾರ್ಟಿಸೋನ್ ಚಿಕಿತ್ಸೆ ಬಂತು, 1950ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ನಾನು ನುಂಗುತ್ತಿದ್ದ ಪುಟ್ಟ ಪ್ರೆಡ್ನಿಸೋಲೋನ್ ಅದೇ ಬಳಗದ್ದು. ನನ್ನಂಥ ಹಿಂದಿನ ಬಸುರಿಯರನ್ನು ಯಾರೋ ಗಮನ ಕೊಟ್ಟು ನೋಡಿದ್ದರಿಂದ ನನಗೆ ಆ ಮಾತ್ರೆ ಸಿಕ್ಕಿದೆ ಅನ್ನಿಸಿ ಮನಸ್ಸು ತುಂಬಿ ಬಂತು. ಎಲ್ಲರಿಗೂ ಹೀಗೆ ಇಳಿಯುವುದಿಲ್ಲ. ಹಾಗಂತ ಇಳಿಯದವರು ಏನೋ ತಪ್ಪು ಮಾಡಿದರು ಅಂತಲೂ ಅಲ್ಲ.

38ನೇ ವಾರಕ್ಕೆ ಹೆರಿಗೆಯಾಯಿತು. ನಾರ್ಮಲ್. ಮಗಳು 2.7 ಕೆಜಿ.

ನಿಜವಾದ ಕಷ್ಟ ಬಾಣಂತನದಲ್ಲಿ. ಹೆರಿಗೆಯಾದ ಮೊದಲ ಕೆಲವು ತಿಂಗಳಲ್ಲಿ ನೋವು ತಿರುಗಿ ಬರುವುದು ಜಾಸ್ತಿ ಅಂತ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಆರನೇ ವಾರಕ್ಕೆ ಬಂತು. ಒಂದು ರಾತ್ರಿ ಮಗುವಿಗೆ ಜಬ್ಲಾ ಹಾಕಿದೆ, ಹಿಂದಿನ ದಾರ ಕಟ್ಟಲು ಬೆರಳು ಬರಲಿಲ್ಲ. ಗಂಟು ಜಾರಿ ಜಾರಿ ಬಿಚ್ಚಿಕೊಳ್ಳುತ್ತಿತ್ತು, ಮಗು ಅಳುತ್ತಿತ್ತು. ಅಮ್ಮ ಏನೂ ಮಾತಾಡದೆ ಬಂದು ಕಟ್ಟಿದಳು. ಮಾರನೇ ದಿನ ಕೂತು ಎಲ್ಲ ಜಬ್ಲಾಗಳ ದಾರ ಬಿಚ್ಚಿ ವೆಲ್ಕ್ರೋ ಹೊಲಿದಳು.

ನೋಡಲು ಬಂದವರೆಲ್ಲ “ಬಾಣಂತಿ ಮೈಗೆ ಥಂಡಿ ತಗುಲಿ ವಾಯು ಸೇರಿದೆ, ಕಿವಿಗೆ ಬಟ್ಟೆ ಕಟ್ಟಿಲ್ಲ ಅಲ್ವಾ?” ಅಂದರು. ಕಿವಿಗೆ ಕಟ್ಟಿಯೇ ಇದ್ದೆ. ಬಿಸಿನೀರಿನ ಸ್ನಾನದಿಂದ ಬೆರಳಿಗೆ ಹಾಯೆನಿಸುತ್ತಿದ್ದದ್ದು ನಿಜ, ಆದರೆ ಊತ ಇಳಿದದ್ದು ಡಾಕ್ಟರು ಪ್ರೆಡ್ನಿಸೋಲೋನ್ ಸ್ವಲ್ಪ ಹೆಚ್ಚಿಸಿದ ಮೇಲೆ. ಮಾತ್ರೆ ತಗೊಳ್ಳುವವಳು ಹಾಲು ಕೊಡಬಾರದು ಅಂತಲೂ ಒಬ್ಬರು ಹೇಳಿದರು. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ನಾನು ಆಗ ತಗೊಳ್ಳುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್, ಪ್ರೆಡ್ನಿಸೋಲೋನ್ ಜೊತೆ ಹಾಲುಣಿಸಬಹುದು ಅಂದರು. ತೊಡೆ ಮೇಲೆ ಎರಡು ದಿಂಬು ಪೇರಿಸಿ, ಮಗುವಿನ ಭಾರ ಮಣಿಕಟ್ಟಿಗೆ ಬೀಳದ ಹಾಗೆ ಮೊಣಕೈ ಮೇಲೆ ಮಲಗಿಸಿಕೊಂಡು ಉಣಿಸಿದೆ. ಕಾಲು ನೀಡಿ ಕೂತು ಮಗುವಿಗೆ ನೀರು ಹಾಕುವ ಆಸೆ ನನಗೂ ಇತ್ತು. ಅದನ್ನು ಅಮ್ಮನಿಗೆ ಬಿಟ್ಟುಕೊಟ್ಟೆ.

ಮಗಳು ಹನ್ನೊಂದನೇ ತಿಂಗಳಿಗೆ ಹಾಲು ಬಿಟ್ಟಳು. ಮಣಿಕಟ್ಟು ಮತ್ತೆ ಊದತೊಡಗಿತ್ತು, ಆದ್ದರಿಂದ ಮೆಥೋಟ್ರೆಕ್ಸೇಟ್ ತಿರುಗಿ ಶುರು. ಅದನ್ನು ತಗೊಳ್ಳುವಾಗ ಅಚಾನಕ್ಕಾಗಿ ಬಸುರಾಗಬಾರದು ಅಂತ ಮೊದಲು ಕಾಪರ್-ಟಿ ಹಾಕಿಸಿಕೊಂಡೆ. ಕ್ಯಾಲೆಂಡರಿನಲ್ಲಿ ಗುರುವಾರದ ಚುಕ್ಕಿ ಮತ್ತೆ ಬಂತು. ಪೆನ್ನು ಕಿತ್ತುಕೊಂಡು ಪಕ್ಕದಲ್ಲೇ ಅವಳೂ ಒಂದು ಗೀಚಿದಳು.