ಲೈಟು ಆರಿಸಿ ಹತ್ತು ನಿಮಿಷ

ಫೈನಲ್ ಚಿತ್ರೀಕರಣದ ಬೆಳಗ್ಗೆ ನಾನು ಕೇಳಿದ್ದು ಒಂದೇ. "ನಿಮ್ಮ ಲೈಟುಗಳನ್ನೆಲ್ಲ ಆರಿಸಿ. ಹತ್ತು ನಿಮಿಷ ನನ್ನೊಬ್ಬಳನ್ನೇ ಮನೆಯೊಳಗೆ ಬಿಡಿ." ಕ್ಯಾಮೆರಾ ತಂಡದವರಿಗೆ ಇದು ಇಷ್ಟವಾಗಲಿಲ್ಲ, ಅವರಿಗೂ ಸಮಯ ಕಮ್ಮಿ ಇತ್ತು. ಆದರೂ ಒಪ್ಪಿದರು.

18 ವರ್ಷದಿಂದ ಬೆಂಗಳೂರಿನಲ್ಲಿ ಮನೆಗಳ ಇಂಟೀರಿಯರ್ ಕೆಲಸ ಮಾಡುತ್ತಿದ್ದೇನೆ. ಒಂದು ವಾಹಿನಿಯವರು ತಮ್ಮ ಇಂಟೀರಿಯರ್ ಡಿಸೈನ್ ರಿಯಾಲಿಟಿ ಶೋಗೆ ಮೂವರು ತೀರ್ಪುಗಾರರಲ್ಲಿ ಒಬ್ಬಳಾಗಿ ನನ್ನನ್ನು ಕರೆದಿದ್ದರು. ಫೈನಲ್‌ಗೆ ಉಳಿದವರು ಇಬ್ಬರು: ಹುಬ್ಬಳ್ಳಿಯ ಹುಡುಗಿ, ಮಂಗಳೂರಿನ ಹುಡುಗ. ಒಂದೇ ಅಪಾರ್ಟ್‌ಮೆಂಟ್, ಒಂದೇ ಅಳತೆಯ ಎರಡು 2 ಬಿಎಚ್‌ಕೆ ಮನೆ. ತಲಾ 6 ಲಕ್ಷ ರೂಪಾಯಿ, 12 ದಿನ. ಎರಡೂ ಮನೆಯಲ್ಲಿ ಗಂಡ, ಹೆಂಡತಿ, ಒಂದು ಮಗು, ಒಬ್ಬರು ಅಜ್ಜಿ.

ಲೈಟು ಆರಿಸಲು ಹೇಳಿದ್ದಕ್ಕೆ ಕಾರಣವಿದೆ. ಸೆಮಿಫೈನಲ್‌ನಲ್ಲಿ ನಾನೇ ತಪ್ಪು ಮಾಡಿದ್ದೆ. ಮಾನಿಟರ್‌ನಲ್ಲಿ ನೋಡಿ ಒಂದು ಬೆಡ್‌ರೂಮಿಗೆ ತುಂಬಾ ಅಂಕ ಕೊಟ್ಟೆ. ಸಂಜೆ ಎಲ್ಲ ಮುಗಿದ ಮೇಲೆ ಮತ್ತೆ ಒಳಗೆ ಹೋದೆ. ಆ ತಿಳಿನೀಲಿ ಗೋಡೆ ಮಂಕಾಗಿ, ಕೊಳೆ ಹಿಡಿದ ಹಾಗೆ ಕಂಡಿತು. ಶೂಟಿಂಗ್ ಲೈಟು ಸಾಮಾನ್ಯವಾಗಿ 5600 ಕೆಲ್ವಿನ್, ಹಗಲಿನಂಥ ಬಿಳಿ ಬೆಳಕು. ಮನೆಯ ವಾರ್ಮ್ ಬಲ್ಬು 3000 ಕೆಲ್ವಿನ್ ಆಸುಪಾಸು, ಹಳದಿ. ಮನೆಯವರು ಬದುಕುವುದು ಆ ಹಳದಿ ಬೆಳಕಿನಲ್ಲಿ ಅಲ್ವಾ? ಅಷ್ಟೇ ಅಲ್ಲ, ವಾರ್ಡ್‌ರೋಬಿನ ಬಾಗಿಲು ಪೂರ್ತಿ ತೆರೆಯದೆ ಮಂಚಕ್ಕೆ ತಾಗುತ್ತಿತ್ತು. ಮಾನಿಟರ್ ಅದನ್ನು ಹೇಳಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಅಂಕದಿಂದ ಒಬ್ಬರು ಮನೆಗೆ ಹೋಗಿದ್ದರು.

ಫೈನಲ್‌ಗೆ ಮೊದಲು ಬೇರೆ ಕಡೆ ಹೇಗೆ ಮಾಡುತ್ತಾರೆ ಅಂತ ನೋಡಿದೆ. ಅಮೆರಿಕದ ಎಚ್‌ಜಿಟಿವಿ ವಾಹಿನಿಯಲ್ಲಿ 2006ರಲ್ಲಿ ಶುರುವಾದ 'ಡಿಸೈನ್ ಸ್ಟಾರ್' ಮೊದಲ ಸೀಸನ್ನಿನಲ್ಲಿ ಡೇವಿಡ್ ಬ್ರೋಮ್‌ಸ್ಟಾಡ್ ಗೆದ್ದದ್ದು ವೀಕ್ಷಕರ ವೋಟಿನಿಂದ. ಅಷ್ಟು ಜನ ನೋಡಿದ್ದು ಚಿತ್ರವನ್ನು ಮಾತ್ರ. 2019ರಲ್ಲಿ ಶುರುವಾದ ಬಿಬಿಸಿಯ 'ಇಂಟೀರಿಯರ್ ಡಿಸೈನ್ ಮಾಸ್ಟರ್ಸ್'ನಲ್ಲಿ ತೀರ್ಪುಗಾರ್ತಿ ಮಿಷೆಲ್ ಒಗುಂಡೆಹಿನ್ ಕೋಣೆಯೊಳಗೆ ಓಡಾಡಿ ನೋಡಿ, ಆಮೇಲೆ ಸ್ಪರ್ಧಿಗಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ನನಗೆ ಸರಿ ಅನಿಸಿದ್ದು ಈ ದಾರಿ. ಒಳಗೆ ಹೋಗದೆ ಮನೆಯ ಬಗ್ಗೆ ಏನು ಹೇಳುವುದು?

ಚೀಲದಲ್ಲಿ ಒಂದು ಟೇಪು, ಒಂದು ಟಾರ್ಚು, ಐದು ಲೀಟರಿನ ಒಂದು ಕುಕ್ಕರ್ ಇಟ್ಟುಕೊಂಡು ಹೋದೆ.

ಮೊದಲು ಹುಡುಗಿಯ ಅಡುಗೆಮನೆ. ಕಟ್ಟೆ ಅಳೆದೆ, 32 ಇಂಚು. ಎಲ್ಲರಿಗೂ 34 ಇಂಚು ಹಾಕಿಬಿಡುವುದು ನಮ್ಮಲ್ಲಿ ರೂಢಿ. ಈ ಮನೆಯಲ್ಲಿ ಅಡುಗೆ ಮಾಡುವ ಸೊಸೆ 5 ಅಡಿ ಎತ್ತರ. ಕಟ್ಟೆಯ ಮೇಲೆ ಒಲೆ, ಒಲೆಯ ಮೇಲೆ ಕುಕ್ಕರ್. ಕಟ್ಟೆ ಮೊಣಕೈಗಿಂತ ಐದಾರು ಇಂಚು ಕೆಳಗಿದ್ದರೆ ಮಾತ್ರ ಭುಜ ನೋಯುವುದಿಲ್ಲ. ಹುಡುಗಿ ಆಕೆಯನ್ನು ನಿಲ್ಲಿಸಿ ಅಳತೆ ತೆಗೆದುಕೊಂಡಿದ್ದಳು. ನೀರು ತುಂಬಿದ ಕುಕ್ಕರನ್ನು ಕೆಳಗಿನ ಡ್ರಾಯರ್‌ನಲ್ಲಿಟ್ಟು ಹತ್ತು ಸಲ ಎಳೆದೆ. ಡ್ರಾಯರ್ ಜಾರುವ ಚಾನೆಲ್ ಅಲುಗಲಿಲ್ಲ.

ಆಮೇಲೆ ಸಿಂಕಿನ ಕೆಳಗೆ ಟಾರ್ಚು ಹಿಡಿದು ಮಲಗಿದೆ. ಮೋಸ ಬಯಲಾಗುವ ಜಾಗ ಇದು. ಲ್ಯಾಮಿನೇಟ್ ಅಂಟಿಸಿದ ಮೇಲೆ ಎಲ್ಲ ಪ್ಲೈವುಡ್ಡೂ ಒಂದೇ ಥರ ಕಾಣುತ್ತದೆ. ಆದರೆ ಐಎಸ್ 303 ಅನ್ನುವ ಭಾರತೀಯ ಮಾನದಂಡದ ಎಂಆರ್ ಪ್ಲೈ, ಅಂದರೆ ತೇವವನ್ನಷ್ಟೇ ತಡೆಯುವ ಪ್ಲೈ, ನೀರು ತಾಗುತ್ತಾ ಇದ್ದರೆ ಉಬ್ಬುತ್ತದೆ. ಸಿಂಕಿನ ಕೆಳಗೆ ನೀರು ತಡೆಯುವ ಐಎಸ್ 710ರ ಮರೈನ್ ಪ್ಲೈ ಬೇಕು. ಹುಡುಗಿ ಬಿಲ್ ತೋರಿಸಿದಳು, 710. ಪೈಪಿಗೆ ಕೊರೆದ ತೂತಿನ ಅಂಚನ್ನೂ ಸಿಲಿಕೋನ್ ಹಾಕಿ ಮುಚ್ಚಿದ್ದಳು. ಟಿವಿಯಲ್ಲಿ ಇದು ಯಾರಿಗೂ ಕಾಣುವುದಿಲ್ಲ. ಗೊತ್ತಿದ್ದೂ ಮಾಡಿದ್ದಳು. ನನಗೆ ಕಣ್ಣು ತುಂಬಿ ಬಂತು, ನಿಜ.

ಅವಳ ಹಾಲ್ ಮಾತ್ರ ಸಾಧಾರಣ. ಟಿವಿ ಹಿಂದೆ ಉದ್ದುದ್ದ ಗೀರಿನ ಫ್ಲೂಟೆಡ್ ಪ್ಯಾನೆಲ್. ಈಗ ಎಲ್ಲ ಕಡೆ ಅದೇ. ಪ್ರತಿ ಗೀರಿನಲ್ಲೂ ಧೂಳು ಕೂರುತ್ತದೆ, ಒರೆಸುವವರು ಬೈದುಕೊಳ್ಳುತ್ತಾರೆ.

ಹುಡುಗನ ಮನೆಯೊಳಗೆ ಕಾಲಿಟ್ಟಾಗ ಉಸಿರು ನಿಂತ ಹಾಗಾಯಿತು. ಹಾಲಿಗೂ ಊಟದ ಜಾಗಕ್ಕೂ ನಡುವೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗುಂಡುಗಳನ್ನು ಪೋಣಿಸಿದ ಪರದೆ. ಕೆಂಪು, ಹಳದಿ, ಹಸಿರು. ಬೆಳಗಿನ ಬಿಸಿಲು ಅದರೊಳಗಿಂದ ಹಾದು ನೆಲದ ಮೇಲೆ ಬಿದ್ದಿತ್ತು. ಅದಕ್ಕೆ ಶೂಟಿಂಗ್ ಲೈಟು ಬೇಕೇ ಇರಲಿಲ್ಲ.

ಬಾಲ್ಕನಿ ಬಾಗಿಲ ಪಕ್ಕ ನಾಲ್ಕು ಅಡಿಯಷ್ಟು ಜಾಗ ಸುಮ್ನೆ ಖಾಲಿ ಬಿಟ್ಟಿದ್ದ. ನನ್ನ ಜೊತೆಗಿದ್ದ ತೀರ್ಪುಗಾರರೊಬ್ಬರು ಹಿಂದಿನ ದಿನವೇ ಅದನ್ನು ಕೊರತೆ ಅಂತ ಬರೆದುಕೊಂಡಿದ್ದರು. ನಾನು ಅಲ್ಲಿ ನೆಲದ ಮೇಲೆ ಕೂತು ನೋಡಿದೆ. ಬೆನ್ನಿಗೆ ಗೋಡೆ, ಎಡಗಡೆಯಿಂದ ಬೆಳಕು, ಅಡುಗೆಮನೆ ಕಣ್ಣಳತೆಯಲ್ಲಿ. ಹುಡುಗನನ್ನು ಕರೆದು ಕೇಳಿದೆ. "ಮೇಡಂ, ಅಜ್ಜಿ ಸೊಪ್ಪು ಬಿಡಿಸುವುದು ಅಲ್ಲಿ. ಮೊದಲ ದಿನ ಅಳತೆ ತೆಗೆಯಲು ಬಂದಾಗ ಅಲ್ಲೇ ಕೂತಿದ್ದರು. ಅದಕ್ಕೇ ಏನೂ ಇಡಲಿಲ್ಲ" ಅಂದ.

ನಮ್ಮ ಕೆಲಸದಲ್ಲಿ ಇದು ತುಂಬಾ ದೊಡ್ಡದು. ಏನಾದರೂ ಇಡುವುದು ಸುಲಭ. ಗ್ರಾಹಕರೂ "ಇಲ್ಲಿ ಖಾಲಿ ಇದೆಯಲ್ಲ" ಅನ್ನುತ್ತಾರೆ. ಫೈನಲ್‌ನಲ್ಲಿ, ಕ್ಯಾಮೆರಾ ಮುಂದೆ, ಒಂದು ಜಾಗವನ್ನು ಖಾಲಿ ಬಿಡಲು ಧೈರ್ಯ ಬೇಕು.

ಆದರೆ ದೇವರ ಗೂಡು ನೋಡಿ ಎದೆ ಧಸಕ್ಕೆಂದಿತು. ದೀಪ ಇಡುವ ಕಡೆಯಿಂದ ಮೇಲಿನ ಹಲಗೆಗೆ 11 ಇಂಚು. ಹಲಗೆ ಪ್ಲೈ, ಮೇಲೆ ಲ್ಯಾಮಿನೇಟ್. ದಿನಾ ಎರಡು ಹೊತ್ತು ಎಣ್ಣೆ ದೀಪ ಹಚ್ಚುವ ಮನೆ ಅದು. ಮೊದಲು ಮಸಿ ಹಿಡಿಯುತ್ತದೆ, ಆಮೇಲೆ ಲ್ಯಾಮಿನೇಟ್ ಬಿರಿಯುತ್ತದೆ. ಉದ್ದ ಬತ್ತಿಯ ದೀಪ ಇಟ್ಟು ಎಲ್ಲರೂ ಹೊರಗೆ ಹೋದರೆ? ಹುಡುಗಿಯ ಮನೆಯಲ್ಲಿ ದೇವರ ಗೂಡಿಗೆ ಒಳಗೆಲ್ಲ ಗ್ರಾನೈಟ್ ಇತ್ತು, ಮೇಲೆ ಎರಡೂವರೆ ಅಡಿ ಬಿಡುವೂ ಇತ್ತು.

ಚರ್ಚೆ ನಲವತ್ತು ನಿಮಿಷ ನಡೆಯಿತು. ಪ್ರಸಾರದಲ್ಲಿ ಬಂದದ್ದು ಎರಡು ನಿಮಿಷ. ಒಬ್ಬರು ಹುಡುಗನ ಪರ, ಒಬ್ಬರು ಹುಡುಗಿಯ ಪರ. ನನ್ನ ಹಾಳೆಯೇ ಕೊನೆಯದು. ಮನಸ್ಸು ಪೂರ್ತಿ ಆ ಹುಡುಗನ ಕಡೆಗಿತ್ತು. ಆದರೆ ಬೆಂಕಿಯ ವಿಷಯದಲ್ಲಿ ರಿಯಾಯಿತಿ ಕೊಡಲು ನನ್ನಿಂದ ಆಗಲಿಲ್ಲ. ಹುಡುಗಿಗೆ 78, ಹುಡುಗನಿಗೆ 75. ಅವಳು ಗೆದ್ದಳು. ಮನೆಯವರು ದೀಪ ಹಚ್ಚುವ ಮೊದಲು ಆ ಹಲಗೆ ತೆಗೆಯಲೇಬೇಕು ಅಂತ ಪಟ್ಟು ಹಿಡಿದೆ. ಅವತ್ತೇ ಸಂಜೆ ಹುಡುಗ ಬಡಗಿಯ ಜೊತೆ ನಿಂತು ತೆಗೆಸಿದ. ಇಬ್ಬರಿಗೂ ನನ್ನ ಅಳತೆಯ ಹಾಳೆಗಳನ್ನು ಕೈಗೆ ಕೊಟ್ಟೆ. ಯಾವ ಅಂಕ ಯಾವುದಕ್ಕೆ ಹೋಯಿತು ಅಂತ ಅವರಿಗೆ ಗೊತ್ತಾಗಬೇಕಲ್ಲ.

ಮೂರು ತಿಂಗಳಾದ ಮೇಲೆ ಎರಡೂ ಮನೆಗೆ ಹೋಗಿ ಬಂದೆ. ಯಾರೂ ಕರೆದಿರಲಿಲ್ಲ, ನನಗೇ ನೋಡಬೇಕಿತ್ತು. ಹುಡುಗ ಮಾಡಿದ ಮನೆಯಲ್ಲಿ ಅಜ್ಜಿ ಆ ಮೂಲೆಯಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಹುಡುಗಿ ಮಾಡಿದ ಮನೆಯಲ್ಲಿ ಸಿಂಕಿನ ಕೆಳಗೆ ಒಣಗಿದ ನೆಲ, ಡ್ರಾಯರ್ ಈಗಲೂ ಹಗುರ. ಆದರೆ ಅಲ್ಲಿನ ಅಜ್ಜಿ ಅಡುಗೆಮನೆ ಬಾಗಿಲಲ್ಲೇ ಮಣೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಒಳಗೆ ಹೊರಗೆ ಹೋಗುವವರೆಲ್ಲ ಅವರನ್ನು ಬಳಸಿಕೊಂಡು ಓಡಾಡುತ್ತಿದ್ದರು. "ಬೇರೆಲ್ಲಿ ಕೂರಲಿ ಹೇಳಮ್ಮ, ಎಲ್ಲ ಕಡೆ ಸಾಮಾನು" ಅಂದರು.

ಆವತ್ತೇ ರಾತ್ರಿ ಹುಡುಗಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಭಾನುವಾರ ಆ ಮನೆಯಿಂದ ನನಗೊಂದು ಫೋಟೋ ಕಳಿಸಿದಳು. ಸೋಫಾ ಒಂದೂವರೆ ಅಡಿ ಆಚೆ ಸರಿದಿತ್ತು. ಕಿಟಕಿ ಕೆಳಗೆ ಅಜ್ಜಿಯ ಮಣೆ.